ಕರಿ ಬೊಟ್ಟಿನ ಶಕ್ತಿ ಎಲ್ಲಿರ್ತದ?

ಈ ಸಲ ಬಣ್ಣದ ಬಗ್ಗೆ ಬರೀಬೇಕಂತ ಕೂತೀನಿ. ಸೀರಿ ಬಣ್ಣ ಅಲ್ಲ, ಗ್ವಾಡಿ ಬಣ್ಣನೂ ಅಲ್ಲ. ದೃಷ್ಟಿ ತಗಿಯೋ ಬಣ್ಣ. ಕೂಸಿನ ಗಲ್ಲಕ್ಕ ಇಡೋ ಕರಿ ಬೊಟ್ಟು, ಆರತಿ ತಾಟಿನ್ಯಾಗಿನ ಕೆಂಪ ನೀರು, ಮನಿ ಕಟ್ಟೋ ಮುಂದ ತೂಗಬಿಡೋ ಕರಿ ಗಡಗಿ, ತಾಯತ, ಯಂತ್ರ. ಇವನ್ನೆಲ್ಲಾ ನಾವು ಹುಟ್ಟಿದಾಗಿಂದ ನೋಡೇವಿ, ನಮ್ಮ ಕೈಯಾರೆ ಮಾಡೇವಿ. ಆದ್ರ ಒಂದರ ಬಾಜೂಕ ಒಂದ ಇಟ್ಟು ನೋಡಿದ್ರ ಎಲ್ಲಾದ್ರಾಗೂ ಒಂದ ಮಾತು ಕಾಣತದ: ಒಂದು ಬಣ್ಣ ತನ್ನ ವಿರುದ್ಧ ಬಣ್ಣದ ಮ್ಯಾಲೆ ಕೂತಿರ್ತದ.

ಬೊಟ್ಟಿನಿಂದನ ಸುರು ಮಾಡೋಣ. ಬೆಳ್ಳನ ಕೂಸಿಗೆ ಗಲ್ಲದ ಮ್ಯಾಲೆ ಕರಿ ಬೊಟ್ಟು ಇಡ್ತಾರ, ಸರಿ. ನಮ್ಮನಿ ಕೂಸುಗಳೆಲ್ಲಾ ಕಪ್ಪ, ನಾನೂ ಹಂಗ ಇದ್ದೆನಂತ. ಕಪ್ಪ ಗಲ್ಲದ ಮ್ಯಾಲೆ ಕರಿ ಬೊಟ್ಟು ಯಾರ ಕಣ್ಣಿಗೆ ಕಾಣಬೇಕು? ಅದಕ್ಕ ನಮ್ಮ ಅಜ್ಜಿ ಅಂಗಾಲಿಗೆ ಇಡ್ತಿದ್ಲು. ಕೂಸು ಎಷ್ಟ ಕಪ್ಪಿದ್ರೂ ಅಂಗಾಲು ಬೆಳ್ಳಗನ ಇರ್ತದಲ್ಲಾ. ತೊಟ್ಟಿಲೊಳಗ ಮಲಗಿ ಕಾಲ ಎತ್ತಿ ಆಡೋ ಮುಂದ ಬಂದವರ ಕಣ್ಣು ಮೊದಲ ಅಲ್ಲೇ ಹೋಗ್ತದ. "ನೋಡೋ ಕಣ್ಣು ಕಾಲಾಗ ಬೀಳ್ಲಿ, ಮಾರಿಗೆ ಬರೋದು ಬ್ಯಾಡ" ಅಂತಿದ್ಲು. ಅಂದ್ರ ಆಕಿಗೆ ಕಾಡಿಗಿ ಮುಖ್ಯ ಅಲ್ಲ, ಅದು ಎದ್ದು ಕಾಣೋದು ಮುಖ್ಯ.

ಗಡಗಿನೂ ಹಂಗ. ಮಸಿ ಹಿಡಿದ ಗಡಗಿ ಬೋರಲ ಹಾಕಿ ಸುಣ್ಣದ ಬೊಟ್ಟು ಇಟ್ಟು ಹೊಲದಾಗ ನಿಲ್ಲಸ್ತಾರ. ಖಂಡೆ ಪೂಜಿ ದಿನಾ ಕುಂಬಳಕಾಯಿ ಒಡೀತಾರ. ಒಳಗಿನ ಬಿಳಿ ತಿರುಳಿನ ಮ್ಯಾಲೆ ಕುಂಕುಮ ಬಿದ್ದಿದ್ದು ಓಣಿ ಆ ತುದಿಯಿಂದ ಕಾಣಬೇಕು. ನಮ್ಮ ಕೊಳ್ಳಾಗಿನ ಮಂಗಳಸೂತ್ರ ನೋಡಕೊಳ್ರಿ, ಬಂಗಾರದ ನಡುವ ಕರಿಮಣಿ. ಗಾಡಿಗೆ ಕಟ್ಟೋ ಲಿಂಬಿಹಣ್ಣು ಹಳದಿ, ಅದರ ಕೂಡ ಪೋಣಸೋ ಮೆಣಸಿನಕಾಯಿ ಹಸಿರು. ನಮ್ಮನ್ಯಾಗ ದೃಷ್ಟಿ ತಗಿಯೋ ಮುಂದ ಮೂರು ಮುದ್ದಿ ಅನ್ನ ಮಾಡ್ತೇವಿ: ಒಂದು ಬಿಳೇದು, ಒಂದು ಕುಂಕುಮ ಕಲಸಿದ್ದು, ಒಂದು ಇದ್ದಲಿ ಪುಡಿ ಕಲಸಿದ್ದು. ಮೂರನ್ನೂ ಬಿಳಿ ಮಾಡಿದ್ರ ನಡೆಯಂಗಿಲ್ಲೇನು? ನಡೆಯಂಗಿಲ್ಲ. ಯಾಕಂತ ಕೇಳಿದ್ರ ನಮ್ಮವ್ವ "ಹಂಗ ಮಾಡಬಾರದು" ಅಂತ ಬಾಯಿ ಮುಚ್ಚಸ್ತಿದ್ಲು.

ಇವೆಲ್ಲಾದ್ರಾಗೂ ನನಗ ಭಾಳ ಸೇರೋದು ಕೆಂಪ ನೀರಿಂದು. ಅರಿಶಿಣ ಹಳದಿ, ಸುಣ್ಣ ಬಿಳಿ, ಎರಡರಾಗೂ ಕೆಂಪಿಲ್ಲ. ಅರಿಶಿಣದ ನೀರಾಗ ಒಂದ ಚೂರು ಸುಣ್ಣ ಬೆರಳಿಲೆ ಕದಡಿದ್ರ ಸಾಕು, ತಾಟು ತುಂಬ ರಕ್ತದಂಥಾ ಕೆಂಪು. ಅದರಾಗ ಲಿಂಬಿ ಹಿಂಡಿದ್ರ ಮತ್ತ ತಿರುಗಿ ಹಳದಿ. ಸುಣ್ಣ ಕ್ಷಾರ, ಲಿಂಬಿ ಹುಳಿ. ಅರಿಶಿಣ ಎರಡಕ್ಕೂ ಬಣ್ಣ ಬದಲಸ್ತದ. ಮಂಗಳೂರು-ಉಡುಪಿ ಕಡೆ ನಾಗಮಂಡಲಾ ಬರಿಯೋ ಮುಂದೂ ಕೆಂಪು ಹಿಂಗ ಮಾಡ್ತಾರ. ಅಲ್ಲಿ ಐದು ಬಣ್ಣ: ಬಿಳಿ ಮಣ್ಣು, ಅರಿಶಿಣ, ಅರಿಶಿಣ-ಸುಣ್ಣದ ಕೆಂಪು, ಸೊಪ್ಪಿನ ಪುಡಿ ಹಸಿರು, ಭತ್ತದ ಹೊಟ್ಟು ಹುರದ ಪುಡಿ ಮಾಡಿದ ಕರಿ. ಎಲ್ಲಾ ಅಡಗಿಮನಿ, ಹಿತ್ತಲದಾಗ ಸಿಗೋ ಸಾಮಾನ.

ಈ ವಿರುದ್ಧ ಬಣ್ಣದ ಗುಟ್ಟು ನನಗ ಬಿಡಿಸಿ ಹೇಳಿದಾಕಿ ಚಿತ್ರಕಲಾ ಕಲತ ನಮ್ಮ ಅಕ್ಕನ ಮಗಳು. "ಮಾವಶಿ, ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ, ಮಾಡಿ ನೋಡು" ಅಂದ್ಲು. ನೀವೂ ಮಾಡ್ರಿ. ಒಂದು ಬಿಳಿ ಹಾಳಿ ಮ್ಯಾಲೆ ರೂಪಾಯಿ ಅಗಲ ದಟ್ಟ ಕೆಂಪ ಬೊಟ್ಟು ಬರೀರಿ. ಬೆಳಕಿನ್ಯಾಗ ಕೂತು, ಕಣ್ಣು ಪಿಳಕಿಸದ, 30 ಎಣಿಸೂತನಕ ಅದನ್ನ ನೋಡ್ರಿ. ಆಮ್ಯಾಲೆ ಬಾಜೂ ಖಾಲಿ ಜಾಗಾ ನೋಡ್ರಿ. ಅಲ್ಲಿ ತೆಳ್ಳಗ ಹಸಿರು ಬೊಟ್ಟು ತೇಲತದ! ಹಾಳಿ ಮ್ಯಾಲೆ ಏನೂ ಇಲ್ಲ, ಕಣ್ಣಾಗ ಅದ. ಕೆಂಪು ನೋಡಿ ನೋಡಿ ಕಣ್ಣಿನ ಒಂದು ಭಾಗ ದಣೀತದ, ಆಗ ಉಳಿದ ಭಾಗದ ಬಣ್ಣ ಮುಂದ ಬರ್ತದ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳಿ, ಹಳದಿಗೆ ನೇರಳಿ, ಇವು ಜೋಡಿ. ಜೋಡಿಗಳನ್ನ ಅಂಟಿಸಿ ಇಟ್ರ ಎರಡೂ ಇದ್ದದ್ದಕ್ಕಿಂತ ಹೆಚ್ಚ ಹೊಳೀತಾವ, ನಡುವಿನ ಅಂಚು ಅಲಗ್ಯಾಡಿದಂಗ ಆಗ್ತದ.

ಇದನ್ನ ಶಿಸ್ತಿನಿಂದ ಬರದಿಟ್ಟವರೊಳಗ ಒಬ್ಬಾಂವ ಫ್ರಾನ್ಸಿನ ಶೆವ್ರಲ್ ಅನ್ನೋ ರಸಾಯನಶಾಸ್ತ್ರದಾಂವ. ಪ್ಯಾರಿಸಿನ ಗೋಬ್ಲೆ ಅನ್ನೋ ನೇಯ್ಗಿ ಕಾರಖಾನಿಯೊಳಗ ಬಣ್ಣದ ವಿಭಾಗ ನೋಡಕೋತಿದ್ದ. ಅಲ್ಲಿಯ ಕರಿ ನೂಲು ಮಂಕು ಕಾಣತದ ಅಂತ ತಕರಾರು ಬಂದ್ವು. ತಪಾಸ ಮಾಡಿದ್ರ ನೂಲು ಬರೋಬ್ಬರಿನ ಇತ್ತು, ಬಾಜೂಕಿನ ಬಣ್ಣ ಅದನ್ನ ಮಂಕ ಮಾಡಿತ್ತು. 1839ರಾಗ ಇದರ ಮ್ಯಾಲೆ ದೊಡ್ಡ ಪುಸ್ತಕನ ಬರದಾ. ನಮಗೇನು ಇದು ಹೊಸಾದಲ್ಲ ಬಿಡ್ರಿ. ಇಳಕಲ್ ಸೀರಿ ಸೆರಗಿನ್ಯಾಗ ಕೆಂಪಿನ ಮ್ಯಾಲೆ ಬಿಳಿ ತೆನಿ ಹಂಗ್ಯಾಕ ಎದ್ದು ಕಾಣತದ ಅಂತ ನೇಯೋರಿಗೂ ಗೊತ್ತು, ಉಡೋರಿಗೂ ಗೊತ್ತು.

ಅದ ಹುಡುಗಿ ಇನ್ನೊಂದು ಸಂಗತಿ ಹೇಳಿದ್ಲು. 1888ರಾಗ ಲಂಡನ್ನಿನ್ಯಾಗ 'ಗೋಲ್ಡನ್ ಡಾನ್' ಅಂತ ಒಂದು ಗುಪ್ತ ಮಂಡಳಿ ಹುಟ್ಟಿತು. ಮಂತ್ರ, ಯಂತ್ರ, ತಾಯತ ಕಲಿಯೋರ ಕೂಟ. ಗಂಡಸರ ಸಮಾ ಹೆಂಗಸರನ್ನೂ ಸೇರಿಸ್ಕೋತಿದ್ರು. ಮೊದಲ ದೀಕ್ಷಾ ತಗೊಂಡಾಕಿನ ಚಿತ್ರಕಲಾ ಕಲತ ಮೊಯ್ನಾ ಅನ್ನೋ ಹುಡುಗಿ. ಕವಿ ಯೇಟ್ಸ್ ಸುದ್ದಾ ಆ ಮಂಡಳಿಯೊಳಗ ಇದ್ದ. ಅವರು ತಾಯತ ಬರಿಯೋ ರೀತಿ ಕೇಳ್ರಿ. ಅಗ್ನಿಗೆ ಕೆಂಪ ನೆಲ, ಅದರ ಮ್ಯಾಲೆ ಹಸಿರು ಅಕ್ಷರ. ನೀರಿಗೆ ನೀಲಿ ನೆಲ, ಕಿತ್ತಳಿ ಅಕ್ಷರ. ಗಾಳಿಗೆ ಹಳದಿ ನೆಲ, ನೇರಳಿ ಅಕ್ಷರ. ಇದಕ್ಕ ಅವರು 'ಮಿಂಚೋ ಬಣ್ಣ' ಅಂತಿದ್ರು. ಅಕ್ಷರ ಕುಣದಂಗ ಕಾಣಸ್ತಾವ, ಆಗ ಅದಕ್ಕ ಶಕ್ತಿ ತುಂಬತದ ಅಂತ ಅವರ ನಂಬಿಕಿ. ಈಗಿನವರು ಅದಕ್ಕ ಚಾರ್ಜ್ ಮಾಡೋದು ಅಂತಾರಂತ. ನಾವು ಮೊಬೈಲಿಗೆ ಮಾಡ್ತೇವಲ್ಲ, ಹಂಗ.

ನನಗ ನಗು ಬಂದದ್ದು ಮುಂದಿನ ಮಾತಿಗೆ. ಆ ಶಕ್ತಿ ಎಲ್ಲಿಂದ ಬರ್ತದಂದ್ರ ಆಕಾಶದಿಂದ ಅಂತ ಬರದಾರಂತ, ನಮ್ಮ 'ಆಕಾಶ' ಶಬ್ದಾನ ಹಚ್ಚಿ! ಅಷ್ಟ ಅಲ್ಲ, ನಮ್ಮ ಪಂಚತತ್ತ್ವದ ಗುರುತೂ ಒಯ್ದಾರ: ಪೃಥ್ವಿಗೆ ಹಳದಿ ಚೌಕ, ತೇಜಸ್ಸಿಗೆ ಕೆಂಪ ತ್ರಿಕೋನ, ವಾಯುವಿಗೆ ನೀಲಿ ವರ್ತುಳ. ರಾಮಪ್ರಸಾದ ಅನ್ನೋ ನಮ್ಮ ದೇಶದವರು ಇಂಗ್ಲಿಷಿನ್ಯಾಗ ಬರದ ಪುಸ್ತಕದ ಕೈಲೆ ಅಲ್ಲಿ ಮುಟ್ಟಿದ್ವು. ಆ ಮಂಡಳಿಯವರು ಕೆಂಪ ತ್ರಿಕೋನ ದಿಟ್ಟಿಸಿ ನೋಡಿ, ಆಮ್ಯಾಲೆ ಬಿಳೇ ಜಾಗಾ ನೋಡಿ, ಅಲ್ಲಿ ಮೂಡೋ ಹಸಿರು ತ್ರಿಕೋನಾನ ಬಾಗಲಾ ಅಂತ ತಿಳದು ಮನಸಿನಿಂದ ಒಳಗ ಹೋಗ್ತಿದ್ರಂತ. ನಾವು ಮೇಲೆ ಹಾಳಿ ಮ್ಯಾಲೆ ಮಾಡಿದ ಆಟಾನ ಅದು.

ಇಷ್ಟೆಲ್ಲಾ ಯಾಕ ಹೇಳಿದೆ? ಹೋದ ವರ್ಷ ನಮ್ಮ ಓಣಿಗೆ ಒಬ್ಬಾಂವ ಬಂದಿದ್ದ. ಚೀಲದ ತುಂಬ ಅಂಗೈ ಅಗಲದ ತಗಡು. ಕೆಂಪ ನೆಲ, ಹಸಿರು ಅಕ್ಷರ. "ದಿಟ್ಟಿಸಿ ನೋಡ್ರಿ ತಾಯಿ, ಅಕ್ಷರ ಅಲಗ್ಯಾಡ್ತಾವ, ನಾ ಶಕ್ತಿ ತುಂಬೀನಿ" ಅಂದಾ. ಎಲ್ಲಾರೂ ನೋಡಿದ್ರು, ಖರೇನ ಅಲಗ್ಯಾಡಿದ್ವು. ಒಂದಕ್ಕ 5,100 ರೂಪಾಯಿ. ನಮ್ಮ ಬಾಜೂಮನಿಯಾಕಿ ಮಗಳಿಗೆ ಮೂರ್ಛೆ ರೋಗ. ಆಕಿಗೆ ಅಂವಾ ಬ್ಯಾರೆ ಕರದು ಹೇಳಿದ್ದ: ತಗಡು ತಲಿದಿಂಬಿನ ಕೆಳಗ ಇಡ್ರಿ, ಆದ್ರ ಗುಳಿಗಿ ನಡದಿದ್ರ ಇದರ ಶಕ್ತಿ ಕೆಲಸ ಮಾಡಂಗಿಲ್ಲ, ಗುಳಿಗಿ ಬಂದ್ ಮಾಡ್ರಿ. ಸಾವಿರ ರೂಪಾಯಿ ಮುಂಗಡ ಇಸ್ಕೊಂಡ ಹೋಗಿದ್ದ, ಉಳದದ್ದು ಮರುದಿನಾ.

ಸಂಜೀಕ ಆಕಿ ಬಂದು ಹೇಳಿದಾಗ ನನ್ನ ಎದಿ ಧಸಕ್ಕಂತು. ಮೂರ್ಛೆ ಗುಳಿಗಿ ಒಮ್ಮೆಲೆ ಬಿಟ್ರ ಒಂದರ ಹಿಂದ ಒಂದು ಫಿಟ್ಸ್ ಬಂದು ನಿಲ್ಲದಂಗ ಆಗಬಹುದು, ಜೀವಕ್ಕ ಅಪಾಯ. ಆದ್ರ ಬರೇ "ಅಂವಾ ಮೋಸಗಾರ" ಅಂದ್ರ ಆಕಿ ನಂಬತಿದ್ದಿಲ್ಲ. ತನ್ನ ಕಣ್ಣಿಲೆ ನೋಡ್ಯಾಳ ಅಲಗ್ಯಾಡೋದನ್ನ. ಮೊಮ್ಮಗನ ಸ್ಕೆಚ್ ಪೆನ್ ತಗೊಂಡು ರಟ್ಟಿನ ಮ್ಯಾಲೆ ಕೆಂಪ ತುಂಬಿ, ನಡುವ ಬಿಟ್ಟ ಜಾಗಾದಾಗ ಹಸಿರಿಲೆ ಆಕಿ ಮಗಳ ಹೆಸರ ಬರದೆ. ದೀಪದ ಕೆಳಗ ಹಿಡದು "ನೋಡು" ಅಂದೆ. ನೋಡಿದ್ಲು. ಸ್ವಲ್ಪ ಹೊತ್ತಿಗೆ "ಇದೂ ಅಲಗ್ಯಾಡ್ತದಲ್ರಿ ವೈನಿ!" ಅಂದ್ಲು.

"ಹತ್ತು ರೂಪಾಯಿ ಪೆನ್ನು, ಮಂತ್ರ ಒಂದೂ ಬರಂಗಿಲ್ಲ ನನಗ" ಅಂದೆ.

ಭಾಳ ಹೊತ್ತು ಸುಮ್ಮನ ಕೂತ್ಲು. "ಹಂಗಾದ್ರ ಇದರಾಗ ಏನೂ ಇಲ್ಲೇನ್ರಿ?"

"ಇದ್ದದ್ದು ನಿನ್ನ ಕಣ್ಣಾಗ ಅದ, ಮಗಳ ಮ್ಯಾಲಿನ ಜೀವದಾಗ ಅದ. ಅದನ್ನ ಯಾಂವೂ ತಗಡಿನ್ಯಾಗ ತುಂಬಿ ಮಾರಲಿಕ್ಕೆ ಬರಂಗಿಲ್ಲ. ರಾತ್ರಿ ಗುಳಿಗಿ ಹಾಕೀಯಿಲ್ಲೋ?"

ಹಾಕಿದ್ದಿಲ್ಲ. ಆವತ್ತಿಂದು ಒಂದ ಹೊತ್ತು ತಪ್ಪಿತ್ತು. ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ, ಅವರು ಹೇಳಿದಂಗ ಕೊಟ್ಟಳು. ಸಾವಿರ ರೂಪಾಯಿ ತಿರುಗಿ ಬರಲಿಲ್ಲ. ಮರುದಿನಾ ಅಂವಾ ಬಂದಾಗ ಆಕಿ ಬಾಗಲಾ ತಗೀಲಿಲ್ಲ, ಅಷ್ಟ. ಹುಡುಗಿಗೆ ಇನ್ನೂ ಆಗೊಮ್ಮೆ ಈಗೊಮ್ಮೆ ಬರ್ತದ, ಆದ್ರ ಸಾಲಿ ತಪ್ಪಸಿಲ್ಲ. ಮೂರ್ಛೆ ಬಂದ್ರ ಮಗ್ಗಲಕ್ಕ ಹೊರಳಿಸಿ ಮಲಗಸ್ತಾರ, ಬಾಯಾಗ ಏನೂ ತುರಕಂಗಿಲ್ಲ, ಕೈಯಾಗ ಕಬ್ಬಣ ಹಿಡಸಂಗಿಲ್ಲ, 5 ಮಿನಿಟಿಗಿಂತ ಹೆಚ್ಚಾದ್ರ ದವಾಖಾನಿಗೆ ಓಡ್ತಾರ. ಇದು ಓಣಿ ಹೆಂಗಸರಿಗೆಲ್ಲಾ ಈಗ ಬಾಯಿಪಾಠ. ಅಮಾಸಿಗೊಮ್ಮೆ ಅರಿಶಿಣ-ಸುಣ್ಣದ ನೀರು ನಿವಾಳಿಸಿ ಚೆಲ್ಲೋದನ್ನೂ ಆಕಿ ಬಿಟ್ಟಿಲ್ಲ. ನಾನೂ ಬಿಡು ಅನ್ನಲಿಲ್ಲ. ಗುಳಿಗಿ ಮಗಳಿಗೆ, ಕೆಂಪ ನೀರು ತಾಯಿ ಜೀವಕ್ಕ. ಒಂದಕ್ಕೊಂದು ಅಡ್ಡ ಬರಬಾರದು, ಅಷ್ಟ.

ಆಮ್ಯಾಲೆ ನಾನು ಕೂತು ವಿಚಾರ ಮಾಡಿದೆ. ನಮ್ಮ ಅಜ್ಜಿ ಮಾಡ್ತಿದ್ದ ದೃಷ್ಟಿಗೂ ಅವನ ತಗಡಿಗೂ ಏನು ಫರಕು? ವಿರುದ್ಧ ಬಣ್ಣ ಎರಡರಾಗೂ ಅದ. ಕಣ್ಣು ಹಿಡಿಯೋದೂ ಎರಡೂ. ಫರಕು ಇಲ್ಲಿ ಅದ: ನಮ್ಮವು ಉಳಿಯಂಗಿಲ್ಲ. ಬೊಟ್ಟು ಎರಕೊಂಡ್ರ ಹೋಗ್ತದ. ಕೆಂಪ ನೀರು ಮೂರು ಸುತ್ತು ತಿರುವಿ ಹೊರಗ ಚೆಲ್ಲತೇವಿ. ಕುಂಬಳಕಾಯಿ ಒಡೀತೇವಿ. ಅನ್ನದ ಮುದ್ದಿ ಕಾಗಿ ತಿಂತಾವ. ರಂಗೋಲಿ ಮರುದಿನಾ ಮುಂಜಾನೆ ಕಸಬರಗಿ ಪಾಲು. ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ, ಮನಿ ಹೆಂಗಸು ತನ್ನ ಕೈಯಿಂದ ಮಾಡಿ, ಕೂಸಿನ ಮಾರಿ ಒಂದ ಗಳಿಗಿ ಪೂರಾ ನೋಡಿ, "ನಾಯಿ ಕಣ್ಣು ನರಿ ಕಣ್ಣು" ಅಂದು ಚೆಲ್ಲಿ ಕೈ ತೊಳಕೋತಾಳ. ಭಯಾನೂ ಅದರ ಕೂಡ ಚೆಲ್ಲಿ ಬರ್ತಾಳ. ಆ ತಗಡು ಹಂಗಲ್ಲ. ಅದು ಭಯಾನ ತಲಿದಿಂಬಿನ ಕೆಳಗ ಕಾಯಮ್ ಇಟ್ಟು ಹೋಗ್ತದ, ಮ್ಯಾಲೆ ರೊಕ್ಕಾನೂ ಒಯ್ತದ.

ಹಂಗಾಗಿ ನಾನು ಬಣ್ಣ ಬಿಡ್ರಿ ಅನ್ನಂಗಿಲ್ಲ. ಎದ್ದು ಕಾಣೋ ಗುಣ ಇಟ್ಕೋರಿ, ಅಪಾಯ ಬಿಡ್ರಿ. ನಮ್ಮ ಸೊಸಿ ಕೂಸಿನ ಕಣ್ಣಿಗೆ ಕಾಡಿಗಿ ಬ್ಯಾಡ ಅಂದಾಗ ನಾನು ಹೂಂ ಅಂದೆ. ಕಣ್ಣೊಳಗ ಕಾಡಿಗಿ ಹಚ್ಚಿದ್ರ ಸೋಂಕು ಆಗ್ತದ, ಅಂಗಡಿ ಕಾಡಿಗಿ, ಸುರ್ಮಾ ಕೆಲವದ್ರಾಗ ಸೀಸ ಇರ್ತದ, ಅದು ಕೂಸಿನ ಮಿದುಳಿಗೆ ಕೆಟ್ಟದ್ದು. ಬೊಟ್ಟು ಅಂಗಾಲಿಗೆ ಇಡೋಣ ಅಂದೆ, ಆಕಿನೂ ಹೂಂ ಅಂದ್ಲು. ಮನ್ಯಾಗ ಔಡಲೆಣ್ಣಿ ದೀಪದ ಮ್ಯಾಲೆ ಹಿಡದ ಮಸಿ, ಅಷ್ಟ ಸಾಕು. ಸುಣ್ಣದ ನೀರು ಕೂಸಿನ ಕಣ್ಣಿಗೆ ಸಿಡೀಬಾರದು, ಸುಡ್ತದ. ತಾಟು ದೂರ ಹಿಡದು ತಿರುವ್ರಿ. ಕುಂಕುಮ ಹಚ್ಚಿದಲ್ಲೆ ತುರಸಿದ್ರ, ಚರ್ಮ ಬೆಳ್ಳಗಾದ್ರ, ಆ ಕುಂಕುಮ ಬಿಡ್ರಿ, ದೇವರೇನು ಸಿಟ್ಟಾಗಂಗಿಲ್ಲ.

ನಿಮ್ಮ ನಿಮ್ಮ ಮನ್ಯಾಗ ದೃಷ್ಟಿಗೆ ಯಾವ ಬಣ್ಣದ ಮ್ಯಾಲೆ ಯಾವ ಬಣ್ಣ ಹಚ್ತಾರ, ನೆನಪ ಮಾಡ್ಕೊಂಡು ನನಗ ತಿಳಸ್ರಿ. ಹಿರೇರು ಇದ್ರ ಕೇಳಿ ಬರದಿಟ್ಕೋರಿ. ಮತ್ತ ಯಾರರ ಶಕ್ತಿ ತುಂಬಿದ ತಗಡು ಹಿಡಕೊಂಡು ಬಾಗಲಿಗೆ ಬಂದ್ರ, ಒಳಗ ಹೋಗಿ ಮಕ್ಕಳ ಸ್ಕೆಚ್ ಪೆನ್ ತರ್ರಿ.