ದೇವಿಕಾರಾಣಿಯ ಡೈರೆಕ್ಟರನ ಊರಿನಲ್ಲಿ

ಜರ್ಮನಿಗೆ ಹೋಗಿ ಬಂದೆ ಎಂದರೆ ಗೆಳೆಯರು ಕೇಳುವುದು ಎರಡೇ ಪ್ರಶ್ನೆ: ಬಿಯರ್ ಹೇಗಿತ್ತು, ಕಾರು ಹೇಗಿತ್ತು? ಮಿತ್ರರೇ, ನಾನು ತಂದಿರುವುದು ಸಿನಿಮಾ ಸಮಾಚಾರ!

ಅಕ್ಕ-ಭಾವ ಇರುವುದು ಆಗ್ಸ್‌ಬರ್ಗ್‌ನಲ್ಲಿ. ಡಿಸೆಂಬರಿನ ಒಂದು ಶನಿವಾರ ಮೂವರೂ ಮ್ಯೂನಿಕ್‌ಗೆ ರೈಲು ಹತ್ತಿದೆವು. ಒಂದೇ ಟಿಕೆಟ್‌ನಲ್ಲಿ ಮೂವರೂ ದಿನವಿಡೀ ರೈಲು, ಟ್ರಾಮು ಎಲ್ಲದರಲ್ಲೂ ಓಡಾಡಬಹುದು. ದುಡ್ಡು ಭಾವನದು. (ಫ್ರೀಲಾನ್ಸ್ ಪತ್ರಕರ್ತನ ಜೇಬು ನಿಮಗೆ ಗೊತ್ತೇ ಇದೆ.)

ಮರಿಯನ್‌ಪ್ಲಾಟ್ಸ್ ಚೌಕದಲ್ಲಿ ಹನ್ನೊಂದಕ್ಕೆ ಸರಿಯಾಗಿ ಗೋಪುರದ 43 ಗಂಟೆಗಳು ಮೊಳಗಿ, ಆಳೆತ್ತರದ ಗೊಂಬೆಗಳು ಕುದುರೆ ಮೇಲೆ ಭರ್ಜರಿ ಫೈಟಿಂಗ್ ಮಾಡಿದವು. ಕೆಳಗೆ ಕ್ರಿಸ್‌ಮಸ್ ಸಂತೆ. ಚಳಿಗೆ ಕಿವಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು! ನನ್ನ ಮನಸ್ಸೆಲ್ಲ 25ನೇ ನಂಬರ್ ಟ್ರಾಮಿನ ಮೇಲಿತ್ತು.

ಆ ಟ್ರಾಮು ಊರಾಚೆಯ ಗೈಸೆಲ್‌ಗಾಸ್ಟೈಗ್‌ಗೆ ಹೋಗುತ್ತದೆ. 1919ರಿಂದ ಅಲ್ಲಿ ಸ್ಟುಡಿಯೋ. ಹಿಚ್‌ಕಾಕ್ ತನ್ನ ಮೊದಲ ಚಿತ್ರಕ್ಕೆ 1925ರಲ್ಲಿ ಕ್ಯಾಮೆರಾ ಇಟ್ಟದ್ದು ಅಲ್ಲೇ. ಅದೇ ಕಾಲಕ್ಕೆ ಹಿಮಾಂಶು ರಾಯ್ ಎಂಬ ಬಂಗಾಳಿ ಯುವಕ ಇಲ್ಲಿನ ಎಮೆಲ್ಕಾ ಕಂಪೆನಿಯನ್ನು ಒಪ್ಪಿಸಿ ಬುದ್ಧನ ಕಥೆ ತೆಗೆದ: 'ಪ್ರೇಮ ಸನ್ಯಾಸ್'. ನಿರ್ದೇಶಕ ಮ್ಯೂನಿಕ್‌ನ ಫ್ರಾನ್ಸ್ ಆಸ್ಟೆನ್, ಕ್ಯಾಮೆರಾ ಹಿಡಿದವರಲ್ಲಿ ಒಬ್ಬ ಜೋಸೆಫ್ ವಿರ್ಷಿಂಗ್. 1934ರಲ್ಲಿ ಬಾಂಬೆ ಟಾಕೀಸ್ ಶುರುವಾದಾಗ ರಾಯ್ ಇಬ್ಬರನ್ನೂ ಕರೆಸಿಕೊಂಡ. ಆಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ ಸ್ವಾಮಿ! ಆದರೂ 1936ರ 'ಅಛೂತ್ ಕನ್ಯಾ' ಆತನದೇ. ನಾಯಕಿ ದೇವಿಕಾರಾಣಿ. ಮುಂದೆ ನಮ್ಮ ಬೆಂಗಳೂರಿನ ತಾತಗುಣಿ ತೋಟದಲ್ಲಿ ಬಾಳಿ, 1994ರಲ್ಲಿ ತೀರಿಕೊಂಡರಲ್ಲ, ಅವರೇ.

ಸ್ಟುಡಿಯೋ ಗೇಟಿನೆದುರು ಹಿಮದಲ್ಲಿ ನಿಂತೆ. ಒಳಗೆ ಹೋಗಲು ಹೊತ್ತು ಮೀರಿತ್ತು.

"ಪಿಯುಸಿ ಬಿಟ್ಟು ಇದನ್ನೇ ಓದಿದ್ಯೇನಪ್ಪಾ?" ಎಂದರು ಭಾವ.

"ಇದನ್ನೇ ಭಾವ" ಎಂದು ಉಳಿದದ್ದನ್ನೂ ಹೇಳಿದೆ. ಹೇಳದಿದ್ದರೆ ಅರ್ಧ ರೀಲು ಕತ್ತರಿಸಿದಂತೆ. ಅಸ್ಪೃಶ್ಯ ಹುಡುಗಿಗಾಗಿ ಪ್ರೇಕ್ಷಕರ ಕಣ್ಣೀರು ಹರಿಸಿದ ಅದೇ 1936ರಲ್ಲಿ ಆಸ್ಟೆನ್ ನಾಜಿ ಪಕ್ಷ ಸೇರಿದ. ಆ ಪಕ್ಷ ಹುಟ್ಟಿದ್ದೂ ಇದೇ ಮ್ಯೂನಿಕ್‌ನಲ್ಲಿ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ನರನ್ನೆಲ್ಲ ಹಿಡಿದು ಕೂಡಿಹಾಕಿದರು. ಆಸ್ಟೆನ್ ಬಿಡುಗಡೆಯಾಗಿ ಊರಿಗೆ ಮರಳಿದ.

ಅಕ್ಕ ಮಫ್ಲರ್ ಬಿಗಿದುಕೊಂಡಳು. "ಇಂಥೋನಿಗೆ ಕೈಮುಗಿಯೋಕೆ ನನ್ನ ಈ ಚಳೀಲಿ ಎಳ್ಕೊಂಡು ಬಂದ್ಯೇನೋ?"

ಏನು ಹೇಳಲಿ? ಜಾತಿ ಕೆಟ್ಟದ್ದು ಅಂತ ತೆರೆಯ ಮೇಲೆ ತೋರಿಸಿದ ಕೈಯೇ ಆ ಪಕ್ಷದ ಚೀಟಿಗೂ ಸಹಿ ಹಾಕಿತ್ತು. ಹಿಂದಿ ಬಾರದವನಿಗೆ ಕಥೆಯೇ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಮನಸ್ಸಿಗೆ ಇಳಿಯಲಿಲ್ಲವೋ! ಆ ಚಿತ್ರವನ್ನು ಮೆಚ್ಚುವುದನ್ನು ನಾನು ಬಿಡಲಾರೆ. ಡೈರೆಕ್ಟರನ ಫೋಟೋ ಮಾತ್ರ ಗೋಡೆಗೆ ಅಂಟಿಸಲಾರೆ.

"ಕೈಮುಗಿಯೋದು ವಿರ್ಷಿಂಗ್‌ಗೆ ಕಣಕ್ಕಾ" ಎಂದೆ. ಯುದ್ಧ ಮುಗಿಯುವವರೆಗೂ ಬಂಧನದಲ್ಲಿದ್ದು, ಹೊರಬಂದು ಮತ್ತೆ ಇಲ್ಲೇ ಕ್ಯಾಮೆರಾ ಹಿಡಿದವ ಆತ. 'ಮಹಲ್'ನ ಆ ನೆರಳು-ಬೆಳಕು ಆತನದು. 'ಪಾಕೀಜಾ'ವನ್ನೂ ಚಿತ್ರೀಕರಿಸಿದ. 1972ರಲ್ಲಿ ಅದು ಬಿಡುಗಡೆಯಾದಾಗ ನೋಡಲು ಆತನೇ ಇರಲಿಲ್ಲ. 1967ರಲ್ಲಿ ಬೊಂಬಾಯಿಯಲ್ಲೇ ತೀರಿಕೊಂಡಿದ್ದ.

ನಾಲ್ಕೂವರೆಗೆಲ್ಲ ಕತ್ತಲು. ವಾಪಸು ರೈಲಿನಲ್ಲಿ ಅಕ್ಕ ಮಾತಿಲ್ಲದೆ ಮೊಬೈಲಿನಲ್ಲಿ 'ಅಛೂತ್ ಕನ್ಯಾ' ಹುಡುಕಿ ಹಾಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಭಾವ ಪಕ್ಕಕ್ಕೆ ವಾಲಿ, ಅವಳ ಒಂದು ಕಿವಿಯ ಇಯರ್‌ಫೋನ್ ಕಿತ್ತು ತಮ್ಮ ಕಿವಿಗೆ ಸಿಕ್ಕಿಸಿಕೊಂಡರು.