ಯಾವ ಹೃದಯ?

ಕೆಂಪು ಮಸಿಯಲ್ಲಿ ಎಳೆದ ಒಂದು ಅಡ್ಡಗೆರೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮೆಡಿಕಲ್ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರದ ಟ್ಯೂಟರ್ ಆಗಿ ಆಗಷ್ಟೇ ಸೇರಿದ್ದೆ. ನಾರ್‌ಅಡ್ರಿನಲಿನ್ ಕೊಟ್ಟರೆ ಹೃದಯದ ಬಡಿತ ಏನಾಗುತ್ತದೆ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ ‘ನಿಧಾನವಾಗುತ್ತದೆ’ ಎಂದು ಬರೆದಿದ್ದಳು. ತಪ್ಪು ಹಾಕಿದೆ. ಕಪ್ಪೆಯ ಹೃದಯ ಹೊರತೆಗೆದು, ರಿಂಗರ್ ದ್ರಾವಣ ಹರಿಸಿ, ಆ ಔಷಧಿಯ ಹನಿ ಬಿಟ್ಟು ನಾನೇ ನೋಡಿದ್ದೆನಲ್ಲ! ಹೊಗೆ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆಗಳು ಒತ್ತೊತ್ತಾಗಿ ಬಿದ್ದಿದ್ದವು. ಬಡಿತ ಹೆಚ್ಚುತ್ತದೆ, ಅಷ್ಟೇ.

ಹುಡುಗಿ ಮೆಲ್ಲಗೆ ಬಂದು, “ಸರ್, ಮೊನ್ನೆ ನಾಯಿಯಲ್ಲಿ ತೋರಿಸಿದಾಗ ಕಮ್ಮಿಯಾಯ್ತಲ್ಲ?” ಎಂದಳು. “ನೀನು ನೋಡಿದ್ದೇ ತಪ್ಪಿರಬೇಕು” ಎಂದು ಕಳಿಸಿಬಿಟ್ಟೆ.

ವಿಷಯ ಪ್ರೊಫೆಸರರ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ಮುಂದಿನ ಪ್ರಯೋಗದ ದಿನ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಅರಿವಳಿಕೆ ಕೊಟ್ಟ ನಾಯಿಗೆ ಔಷಧಿ ಹೋಯಿತು. ರಕ್ತದೊತ್ತಡ ಏರಿತು, ಬಡಿತ ಇಳಿಯಿತು. ಆಮೇಲೆ ಕತ್ತಿನ ಎರಡೂ ಬದಿಯ ವೇಗಸ್ ನರ ಕತ್ತರಿಸಿ, ಅದೇ ಔಷಧಿಯನ್ನು ಮತ್ತೆ ಕೊಟ್ಟರು. ಈ ಸಲ ಬಡಿತ ಏರಿತು.

“ಏನ್ರೀ, ಈಗ ಯಾರದು ತಪ್ಪು?” ಎಂದರು.

ಔಷಧಿ ಹೃದಯಕ್ಕೆ ‘ಓಡು’ ಅನ್ನುವುದು ನಿಜ. ಆದರೆ ಅದು ರಕ್ತನಾಳಗಳನ್ನೂ ಬಿಗಿಯುತ್ತದೆ. ಒತ್ತಡ ಏರಿದ ಸುದ್ದಿಯನ್ನು ಕತ್ತಿನ ಕೆರೋಟಿಡ್ ಧಮನಿಯ ನರತುದಿಗಳು ಮಿದುಳಿಗೆ ಮುಟ್ಟಿಸುತ್ತವೆ. ಮಿದುಳು ವೇಗಸ್ ಮೂಲಕ ‘ನಿಧಾನ’ ಅನ್ನುತ್ತದೆ. ಇಡೀ ದೇಹದಲ್ಲಿ ಆ ಮಾತೇ ಗೆಲ್ಲುತ್ತದೆ. ಹೊರತೆಗೆದ ಹೃದಯಕ್ಕೆ ಹಾಗೆ ಹೇಳುವವರೇ ಇರಲಿಲ್ಲ.

ಸಿಸ್ಟಮ್ಸ್ ಬಯಾಲಜಿ ಎಂಬ ದೊಡ್ಡ ಹೆಸರಿನ ಹಿಂದಿರುವ ವಿಚಾರವೂ ಇದೇ. ದೇಹದ ಮಟ್ಟದಲ್ಲಿ ನಾನು ಕಂಡದ್ದು ಒಂದೇ ಜೀವಕೋಶದೊಳಗೂ ಉಂಟು. ಲಂಡನ್ನಿನಲ್ಲಿ ಸಂಶೋಧಕನಾಗಿದ್ದ ಡೆನಿಸ್ ನೋಬಲ್ 1960ರಲ್ಲಿ ಹೃದಯತಂತುವಿನ ಬಡಿತವನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದು, ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಲೆಕ್ಕದಲ್ಲಿ ತಾಳ ಹಾಕುವ ಪ್ರತ್ಯೇಕ ಭಾಗವೇ ಇಲ್ಲ! ಅಯಾನುಗಳ ಹರಿವು ಕೋಶದ ವೋಲ್ಟೇಜನ್ನು ಬದಲಿಸುತ್ತದೆ. ವೋಲ್ಟೇಜು ಹರಿವನ್ನು ಬದಲಿಸುತ್ತದೆ. ಈ ಕೊಡುಕೊಳ್ಳುವಿಕೆಯೇ ತಾಳ. ವೋಲ್ಟೇಜನ್ನು ಅಲುಗದಂತೆ ಕಟ್ಟಿಹಾಕಿದರೆ ತಾಳವೂ ನಿಂತುಹೋಗುತ್ತದೆ.

ಹಾಗೆಂದು ಬಿಡಿಸಿ ನೋಡುವುದು ತಪ್ಪಲ್ಲ. ನರ ಕತ್ತರಿಸಿದ್ದರಿಂದಲೇ ಅದರ ಕೆಲಸ ನನಗೆ ತಿಳಿದದ್ದು. ಆದರೆ ಬಿಡಿಸಿದ್ದನ್ನು ಮತ್ತೆ ಜೋಡಿಸಿ ನೋಡಬೇಕು. ಏನನ್ನು ಹೊರಗಿಟ್ಟು ಈ ಉತ್ತರ ಪಡೆದೆ ಎಂದು ಪ್ರತಿ ಪ್ರಯೋಗದ ಕೊನೆಗೂ ಕೇಳಿಕೊಳ್ಳಬೇಕು.

ಮರುದಿನವೇ ಹುಡುಗಿಯನ್ನು ಕರೆದು ತಪ್ಪೊಪ್ಪಿಕೊಂಡು ಅಂಕ ಕೊಟ್ಟೆ. ನಾಚಿಕೆ ಮಾತ್ರ ಉಳಿಯಿತು. ಅದೂ ಒಳ್ಳೆಯದೇ ಆಯಿತು. ಕಪ್ಪೆ, ನಾಯಿಗಳ ಜಾಗಕ್ಕೆ ಈಗ ಕಂಪ್ಯೂಟರ್ ಪರದೆ ಬಂದಿದೆ. ನಿವೃತ್ತನಾಗುವವರೆಗೂ ನಾನು ಮಾತ್ರ ಕೆಂಪು ಪೆನ್ನು ಎತ್ತುವ ಮೊದಲು ವಿದ್ಯಾರ್ಥಿಯನ್ನು ಕೇಳುತ್ತಿದ್ದೆ:

“ಯಾವ ಹೃದಯ? ತಟ್ಟೆಯದೋ, ಮೈಯೊಳಗಿನದೋ?”