ಅವನು ನಿಜಕ್ಕೂ ಪಾಪದವನೇ?

ಪ್ರಿಯ ಗೆಳತಿ,

ವೈಟ್‌ಫೀಲ್ಡ್ ಮೆಟ್ರೊದಲ್ಲಿ ಹೋಗಿಬರುವ ಹೊತ್ತಿನಲ್ಲೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ ಮುಗಿಸಿದೆ, ಕತೆ ಹೇಳುವ ಆ ಹುಡುಗನನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು ಎಂದು ಬರೆದಿದ್ದೀಯ. ನನಗೂ ಅವನೆಂದರೆ ಇಷ್ಟ. ಕಾಫಿ ಹೌಸಿನಲ್ಲಿ ಕೂತು, ವೇಟರ್ ವಿನ್ಸೆಂಟ್ ಆಡುವ ಎರಡು ಮಾತಿನಲ್ಲಿ ಬದುಕಿನ ಉತ್ತರ ಹುಡುಕುವವನ ಮೇಲೆ ಯಾರಿಗೆ ತಾನೆ ಸಿಟ್ಟು ಬರುತ್ತದೆ? ಶಾನಭಾಗರು ಅವನಿಗೊಂದು ಹೆಸರನ್ನೂ ಇಟ್ಟಿಲ್ಲ. ಆದರೆ ಪೀಣ್ಯದಲ್ಲಿ ಕೆಲಸ ಮಾಡುತ್ತ ಮಾಡುತ್ತ ನನಗೆ ಅವನ ಮೇಲೊಂದು ಗುಮಾನಿ ಬೆಳೆದಿದೆ.

ಇಲ್ಲಿನ ಎಷ್ಟೋ ಶೆಡ್ಡುಗಳು ಮನೆಮಂದಿಯ ಕಂಪನಿಗಳೇ. ಕೆಳಗೆ ಲೇತ್ ತಿರುಗುತ್ತಿರುತ್ತದೆ, ಕೂಲೆಂಟಿನ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಮೇಲೆ ಗಾಜಿನ ಕೋಣೆಯಲ್ಲಿ ಮಾಲೀಕರ ಅಣ್ಣನ ಮಗ, ಎದುರಿಗೆ ಖಾಲಿ ಮೇಜು, ಬಾಗಿಲಿಗೆ ‘ಡೈರೆಕ್ಟರ್’ ಎಂಬ ಫಲಕ. ಬಹಳ ಒಳ್ಳೆಯವನು, ಹೋದವರಿಗೆಲ್ಲ ಚಹಾ ತರಿಸುತ್ತಾನೆ. ಜಾಬ್ ವರ್ಕ್ ಮಾಡಿಕೊಟ್ಟವನು ತಿಂಗಳುಗಟ್ಟಲೆ ಬಾಕಿ ನಿಂತ ಬಿಲ್ಲು ಹಿಡಿದು ಬಂದರೆ ಮಾತ್ರ, ‘ಚಿಕ್ಕಪ್ಪನ್ನ ಕೇಳಿ’ ಅನ್ನುತ್ತಾನೆ. ಹಾಗನ್ನುವಾಗ ಅವನ ಮುಖ ನೋಡಬೇಕು, ನಿಜಕ್ಕೂ ನೊಂದಿರುತ್ತದೆ!

ನಮ್ಮ ಕಥಾನಾಯಕನೂ ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿಯ ಡೈರೆಕ್ಟರೇ ತಾನೆ. ಮಾಡಲು ಕೆಲಸವಿಲ್ಲ, ಸಂಬಳ ಮಾತ್ರ ತಪ್ಪದೆ ಬರುತ್ತದೆ. ಬಾಗಿಲಿಗೆ ಬಂದ ಆ ಹೆಂಗಸಿನ ಪ್ರಸಂಗ ಇನ್ನೊಮ್ಮೆ ಓದು. ಚಿಕ್ಕಪ್ಪನಿಗೆ ಇಷ್ಟವೆಂದು ಮಸೂರ್ ದಾಲ್ ಮಾಡಿ ತಂದಿದ್ದಾಳೆ. ಅವನ ಅಮ್ಮ, ಸೋದರಿ ಮಾಲತಿ ಸೇರಿ ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಹೊರಗೇ ಬರುವುದಿಲ್ಲ. ನಮ್ಮವನು? ಎಲ್ಲವನ್ನೂ ಎಷ್ಟು ಚೆನ್ನಾಗಿ ನೋಡಿದ್ದಾನೆಂದರೆ ಒಂದು ವಿವರವೂ ತಪ್ಪಿಲ್ಲ. ಬಾಯಿ ಮಾತ್ರ ಬಿಟ್ಟಿಲ್ಲ. ಇದು ಅನ್ಯಾಯ ಎಂದು ಹೇಳುವವಳು ಹೊರಗಿನಿಂದ ಬಂದ ಅವನ ಹೆಂಡತಿ ಅನಿತಾ ಒಬ್ಬಳೇ. ಹೆಂಡತಿಗೂ ಮನೆಯವರಿಗೂ ನಡುವೆ ಸಿಕ್ಕಿಬಿದ್ದವನು ಅಂತ ನಾವು ಅವನಿಗಾಗಿ ಮರುಗುತ್ತೇವೆ. ಆದರೆ ಅವನು ನಡುವೆ ಎಲ್ಲಿದ್ದ? ದುಡ್ಡು ಬರುತ್ತಿದ್ದ ಕಡೆಯೇ ಇದ್ದ. ಅನಿತಾ ಊರಿನಲ್ಲಿಲ್ಲದಾಗ ಮನೆಯವರೆಲ್ಲ ಕೂತು, ಕೊಲೆಯನ್ನು ಅಪಘಾತವೆನ್ನಿಸುವುದು ಎಷ್ಟು ಸುಲಭ ಎಂದು ಹರಟುವಾಗಲೂ ಅವನು ಅಲ್ಲೇ ಇದ್ದ.

ಹಳೆಯ ಮನೆಯಲ್ಲಿ ಇರುವೆಗಳನ್ನು ಹೊಸಕುತ್ತಿದ್ದುದನ್ನು ಬಣ್ಣಿಸುವ ಆ ತಣ್ಣನೆಯ ದನಿಯಲ್ಲೇ ಈ ಹರಟೆಯನ್ನೂ ಹೇಳುತ್ತಾನೆ. ಆ ದನಿಗೇ ನಾವು ಮರುಳಾಗಿದ್ದು ಅಂತ ನನ್ನ ಅನುಮಾನ.

ಇಷ್ಟು ಬರೆದರೂ ಅವನನ್ನು ಪೂರ್ತಿ ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ. ಬರೀ ಕಪಟಿಯಾಗಿದ್ದರೆ ಮಸೂರ್ ದಾಲಿನ ಪ್ರಸಂಗವನ್ನು ನಮಗೆ ಯಾಕೆ ಹೇಳುತ್ತಿದ್ದ? ಮುಚ್ಚಿಡಬಹುದಿತ್ತಲ್ಲ. ಹೇಳಿದರೆ ಪಾಪ ಕಳೆಯುತ್ತದೆಂದು ನಂಬಿದವನೂ ಇರಬಹುದು. ಆ ಕೊನೆಯಲ್ಲಿ ಅವನ ಕೈಗೆ ರಕ್ತವಾಗಿದೆ ಎಂದು ವಿನ್ಸೆಂಟ್ ಎಚ್ಚರಿಸುತ್ತಾನಲ್ಲ, ಅದು ಒಡೆದ ಗ್ಲಾಸಿನ ಗಾಯ ಅಷ್ಟೇ ಎಂದು ಓದಿ ಸುಮ್ಮನಾಗಲು ಈಗ ನನ್ನಿಂದಾಗದು.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬಾರದ ಓದುಗರೂ ಇದ್ದಾರಲ್ಲ, ಅವರಿಗೆ ಶ್ರೀನಾಥ್ ಪೇರೂರ್ 2015ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಕೊಡು. ನೀನು ಇನ್ನೊಮ್ಮೆ ಅನಿತಾಳ ಕಡೆ ನಿಂತು ಕನ್ನಡದಲ್ಲೇ ಓದು. ಆಮೇಲೂ ಅವನು ಪಾಪದವನೆಂದೇ ಅನ್ನಿಸಿದರೆ ಕಾರಣ ಸಮೇತ ಬರೆ, ಜಗಳಕ್ಕೆ ನಾನು ತಯಾರು.

ನಿನ್ನ,
ಪೀಣ್ಯದ ಗೆಳೆಯ